ವಾಹನವಿಲ್ಲದ ಬೀದಿಗೆ ಗಾಲಿಕುರ್ಚಿ ಬರುವ ದಾರಿ

2020ರ ನವೆಂಬರ್ 7, ಶನಿವಾರ. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಎರಡೂ ತುದಿಗೆ ಬ್ಯಾರಿಕೇಡ್ ಬಂದು ನಿಂತವು. ಬ್ರಿಗೇಡ್ ರಸ್ತೆಗೂ ಸೇಂಟ್ ಮಾರ್ಕ್ಸ್ ರಸ್ತೆಗೂ ನಡುವಿನ ಸುಮಾರು ಮುಕ್ಕಾಲು ಕಿಲೋಮೀಟರ್ ಬೀದಿ ವಾರಾಂತ್ಯದ ಎರಡು ದಿನ ನಡೆಯುವವರದ್ದಾಯಿತು. ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯ ಕೈಗೆತ್ತಿಕೊಂಡ ‘ಕ್ಲೀನ್ ಏರ್ ಸ್ಟ್ರೀಟ್’ ಪ್ರಯೋಗ ಅದು. ಗಾಳಿಯ ಗುಣಮಟ್ಟ ಅಳೆಯುವ ಕೆಲಸದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಜೊತೆಗೂಡಿತ್ತು. ಮುಂದಿನ ವರ್ಷದ ಆರಂಭದವರೆಗೂ ವಾರವಾರವೂ ಇದು ನಡೆಯಿತು. ಹಾರ್ನ್ ಸದ್ದಿಲ್ಲದ ಬೀದಿಯ ನಡುವೆ ಮಕ್ಕಳು ಓಡಾಡಿದರು, ಪುಸ್ತಕದಂಗಡಿಗೂ ಹೋಟೆಲಿಗೂ ಬಂದವರು ರಸ್ತೆಯ ಮಧ್ಯದಲ್ಲೇ ನಿಂತು ಮಾತಾಡಿದರು. ನಮ್ಮ ಊರುಗಳಿಗೆ ಇದು ತೀರಾ ಹೊಸತೇನಲ್ಲ. ತೇರಿನ ದಿನ ರಥಬೀದಿಗೆ ಗಾಡಿ ಬಿಡುವುದಿಲ್ಲ, ಕಡಲೆಕಾಯಿ ಪರಿಷೆಯ ದಿನಗಳಲ್ಲಿ ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯಲ್ಲಿ ಬಸ್ಸು ಕಾರುಗಳು ಬೇರೆ ದಾರಿ ಹಿಡಿಯುತ್ತವೆ. ಆದರೆ ಹಬ್ಬವೂ ಜಾತ್ರೆಯೂ ಇಲ್ಲದ ಸಾಮಾನ್ಯ ಶನಿವಾರದಂದು ರಸ್ತೆಯನ್ನು ಜನರಿಗೆ ಬಿಟ್ಟುಕೊಡುವುದು ಬೇರೆಯೇ ಮಾತು. ಆ ‘ಜನ’ರಲ್ಲಿ ಯಾರು ಯಾರು ಸೇರಿದ್ದಾರೆ ಎಂಬ ಪ್ರಶ್ನೆ ಆಗ ಏಳುತ್ತದೆ. ವೀಲ್‌ಚೇರಿನಲ್ಲಿ ಓಡಾಡುವವರನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಇಂಥ ಬೀದಿಯಿಂದ ಅತಿ ಹೆಚ್ಚು ಅನುಕೂಲ ಆಗಬೇಕಾದವರು ಅವರು, ಅತಿ ಸುಲಭವಾಗಿ ಹೊರಗುಳಿಯುವವರೂ ಅವರೇ.

ಅನುಕೂಲ ಏನೆಂಬುದನ್ನು ಮೊದಲು ನೋಡೋಣ. ನಮ್ಮ ನಗರಗಳಲ್ಲಿ ವೀಲ್‌ಚೇರು ಫುಟ್‌ಪಾತಿನ ಮೇಲೆ ಹೋಗುವುದು ಅಪರೂಪ. ಹೋಗಲು ಇಷ್ಟವಿಲ್ಲವೆಂದಲ್ಲ, ಆಗುವುದಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪಾದಚಾರಿ ಮಾರ್ಗಸೂಚಿಯ ಪ್ರಕಾರ ಫುಟ್‌ಪಾತಿನಲ್ಲಿ ಯಾವ ಅಡ್ಡಿಯೂ ಇಲ್ಲದ ಕನಿಷ್ಠ 1.8 ಮೀಟರ್ ಅಗಲ ಇರಬೇಕು, ಅಂಚುಕಲ್ಲು 15 ಸೆಂಟಿಮೀಟರಿಗಿಂತ ಎತ್ತರ ಇರಬಾರದು. ಕಾಗದದ ಮೇಲಿನ ಈ ಅಗಲವನ್ನು ಬೀದಿಯಲ್ಲಿ ಟ್ರಾನ್ಸ್‌ಫಾರ್ಮರ್, ಮರದ ಬೇರು, ನಿಲ್ಲಿಸಿದ ಬೈಕು, ಎದ್ದ ಮೋರಿ ಚಪ್ಪಡಿ, ಕೇಬಲ್ಲಿನ ಸುರುಳಿಗಳು ಹಂಚಿಕೊಂಡಿರುತ್ತವೆ. ಪ್ರತಿ ಮನೆಯ ಗೇಟಿನ ಮುಂದೆ ಫುಟ್‌ಪಾತು ಇಳಿದು ಮತ್ತೆ ಏರುತ್ತದೆ. ನಡೆಯುವವರು ಇವನ್ನೆಲ್ಲ ಬಳಸಿಕೊಂಡೋ ದಾಟಿಕೊಂಡೋ ಹೋಗುತ್ತಾರೆ, ಗಾಲಿಗೆ ಅದು ಸಾಧ್ಯವಿಲ್ಲ. ಹಾಗಾಗಿ ವೀಲ್‌ಚೇರು ರಸ್ತೆಗಿಳಿಯುತ್ತದೆ, ಬಸ್ಸು ಲಾರಿಗಳ ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡಿದು ಸಾಗುತ್ತದೆ. ಇಡೀ ನಗರದಲ್ಲಿ ಸಮತಟ್ಟಾಗಿ, ಅಗಲವಾಗಿ, ನಡುವೆ ಎಲ್ಲೂ ತುಂಡಾಗದೆ ಹಾಸಿರುವ ಜಾಗವೆಂದರೆ ಡಾಂಬರು ರಸ್ತೆಯೊಂದೇ. ಅದನ್ನು ಅಪಾಯದ ಜಾಗವಾಗಿಸಿರುವುದು ವಾಹನಗಳು. ವಾರಕ್ಕೆ ಎರಡು ದಿನ ವಾಹನ ತೆಗೆದರೆ ನಗರದ ಅತ್ಯುತ್ತಮ ‘ಫುಟ್‌ಪಾತು’ ಖರ್ಚಿಲ್ಲದೆ ಸಿಕ್ಕಂತಾಯಿತು. ಬೇರೆಯವರಿಗೆ ಅದು ವಿಹಾರ. ವೀಲ್‌ಚೇರಿನಲ್ಲಿ ಕೂತವರಿಗೆ ಯಾರನ್ನೂ ಕರೆಯದೆ, ಯಾರ ಕೈಯಲ್ಲೂ ಎತ್ತಿಸಿಕೊಳ್ಳದೆ ತಮ್ಮ ಪಾಡಿಗೆ ತಾವು ಒಂದು ಬೀದಿಯ ಉದ್ದಕ್ಕೆ ಹೋಗಿಬರುವ ಅವಕಾಶ.

ಬ್ಯಾರಿಕೇಡಿನೊಳಗೆ ಬಂದ ಮೇಲೆ ಸಿಗುವ ಅನುಕೂಲ ಇದು. ಬ್ಯಾರಿಕೇಡಿನವರೆಗೆ ಬರುವುದು ಹೇಗೆ? ಕರ್ನಾಟಕದಲ್ಲಿ ಕಾಲಿನ ಬಲ ಕಳೆದುಕೊಂಡ ಸಾವಿರಾರು ಜನ ಮನೆಯಿಂದ ಹೊರಡುವುದು ಹಿಂದೆ ಎರಡು ಗಾಲಿ ಹೆಚ್ಚುವರಿಯಾಗಿ ಜೋಡಿಸಿದ ಸ್ಕೂಟರಿನಲ್ಲಿ. ಸರ್ಕಾರದ ವಿಕಲಚೇತನರ ಇಲಾಖೆಯೇ ಇಂಥ ಯಂತ್ರಚಾಲಿತ ವಾಹನಗಳನ್ನು ಹಂಚುತ್ತದೆ. ಬ್ಯಾಂಕಿಗೆ, ಕೆಲಸಕ್ಕೆ, ಸಂತೆಗೆ ಅವರನ್ನು ಕರೆದೊಯ್ಯುವ ಕಾಲು ಅದು. ಆದರೆ ಬ್ಯಾರಿಕೇಡಿನ ಪಕ್ಕ ನಿಂತ ಸಿಬ್ಬಂದಿಯ ಕಣ್ಣಿಗೆ ಅದೂ ಪೆಟ್ರೋಲು ಕುಡಿಯುವ, ನಂಬರ್ ಪ್ಲೇಟ್ ಇರುವ ಒಂದು ವಾಹನ. ‘ಎಲ್ಲ ವಾಹನಗಳಿಗೂ ಪ್ರವೇಶ ನಿಷೇಧ’ ಎಂಬ ಆದೇಶ ಬಂದರೆ ಅವರು ತಡೆಯಲೇಬೇಕು. ವೀಲ್‌ಚೇರಿನವರು ಆಟೋದಲ್ಲೋ ಕಾರಿನಲ್ಲೋ ಬಂದರೂ ಇದೇ ಕಥೆ. ಮುಕ್ಕಾಲು ಕಿಲೋಮೀಟರ್ ಬೀದಿಯ ನಡುಮಧ್ಯದ ಅಂಗಡಿಗೆ ಎರಡೂ ತುದಿಯಿಂದ ಮುನ್ನೂರೈವತ್ತು ಮೀಟರಿಗೂ ಹೆಚ್ಚು ದೂರ. ಆರೋಗ್ಯವಂತರಿಗೆ ಐದು ನಿಮಿಷದ ನಡಿಗೆಯಾದ ಈ ದೂರ, ಕೈಯಿಂದ ಗಾಲಿ ತಿರುಗಿಸುವವರಿಗೆ ಹೋಗಿ ಬರುವಷ್ಟರಲ್ಲಿ ಭುಜ ಸೋಲುವ ದೂರ. ಕಾರು ನಿಲ್ಲಿಸುವ ಜಾಗ ಕಟ್ಟಡದ ಬಾಗಿಲಿನಿಂದ 30 ಮೀಟರಿನೊಳಗೆ ಇರಬೇಕೆಂದು ನಮ್ಮದೇ ದೇಶದ ಸುಗಮ್ಯತೆಯ ಮಾರ್ಗಸೂಚಿ ಹೇಳುತ್ತದೆ. ಆ ಮೂವತ್ತು ಮೀಟರಿನ ಹಿಂದೆ ಇರುವುದು ಈ ಭುಜದ ಲೆಕ್ಕವೇ.

ಆದ್ದರಿಂದ ನನ್ನ ವಾದ ಇಷ್ಟು: ಬೀದಿಯನ್ನು ಮುಚ್ಚುವಾಗ ಗೆರೆ ಎಳೆಯಬೇಕಾದದ್ದು ‘ವಾಹನ’ ಎಂಬ ಪದದ ಸುತ್ತ ಅಲ್ಲ, ಅಗತ್ಯದ ಸುತ್ತ. ನಡೆಯಬಲ್ಲವರು ಸೌಕರ್ಯಕ್ಕಾಗಿ ತರುವ ಕಾರು ಹೊರಗಿರಲಿ. ನಡೆಯಲಾಗದವರಿಗೆ ಕಾಲಾಗಿರುವ ಯಂತ್ರ ಒಳಗೆ ಬರಲಿ. ಅದು ಜನರ ನಡಿಗೆಯ ವೇಗದಲ್ಲಿ ಬಂದು, ಗುರುತಿಸಿದ ಜಾಗದಲ್ಲಿ ನಿಲ್ಲಲಿ. ಒಪ್ಪಿದ ಮಾತಿನಂತೆ ಕಾಣುವ ಇದನ್ನು ಆದೇಶದ ಸಾಲಿನಲ್ಲಿ ಬರೆಯದಿದ್ದರೆ ಬ್ಯಾರಿಕೇಡಿನ ಬಳಿ ಅದಕ್ಕೆ ಬೆಲೆಯಿಲ್ಲ. ಸಿಬ್ಬಂದಿಯ ದಯೆಯ ಮೇಲೆ ಬಿಟ್ಟರೆ ಈ ವಾರ ಬಿಟ್ಟವರು ಮುಂದಿನ ವಾರ ಇರುವುದಿಲ್ಲ. ಬರುವವರು ಪ್ರತಿ ಸಲವೂ ತಮ್ಮ ಕಾಲನ್ನು ತೋರಿಸಿ ಬೇಡಿಕೊಳ್ಳಬೇಕು. ಆ ಅವಮಾನಕ್ಕಿಂತ ಮನೆಯಲ್ಲಿರುವುದೇ ವಾಸಿ ಎಂದುಕೊಳ್ಳುವವರನ್ನು ತಪ್ಪೆನ್ನಲಾಗದು.

ವಿನಾಯಿತಿ ಕೊಟ್ಟರೆ ದುರುಪಯೋಗವಾಗುತ್ತದೆ ಎಂಬುದು ಮೊದಲು ಬರುವ ಆಕ್ಷೇಪ. ಭಯ ಸುಳ್ಳಲ್ಲ, ‘ಪ್ರೆಸ್’, ‘ಗೌರ್ಮೆಂಟ್’ ಸ್ಟಿಕ್ಕರು ಅಂಟಿಸಿದ ಗಾಡಿಗಳನ್ನು ಎಲ್ಲರೂ ಕಂಡಿದ್ದಾರೆ. ಆದರೆ ಇಲ್ಲಿ ಪರಿಶೀಲನೆಗೆ ಬೇಕಾದ ದಾಖಲೆ ಆಗಲೇ ಇದೆ. ಕೇಂದ್ರ ಸರ್ಕಾರ ಕೊಡುವ ಯುಡಿಐಡಿ ಗುರುತಿನ ಚೀಟಿಯಲ್ಲಿ ವೈಕಲ್ಯದ ಬಗೆಯೂ ಪ್ರಮಾಣವೂ ನಮೂದಾಗಿರುತ್ತವೆ. 2020ರ ಅಕ್ಟೋಬರಿನ ತಿದ್ದುಪಡಿಯ ನಂತರ ವಾಹನ ನೋಂದಣಿಯ ಅರ್ಜಿಯಲ್ಲೇ ಮಾಲೀಕರು ವಿಕಲಚೇತನರು ಎಂದು ನಮೂದಿಸಲು ಅವಕಾಶವಿದೆ. ಮಾರ್ಪಡಿಸಿದ ಸ್ಕೂಟರನ್ನಂತೂ ದೂರದಿಂದಲೇ ಗುರುತಿಸಬಹುದು. ಬ್ರಿಟನ್ನಿನಲ್ಲಿ ವಿಕಲಚೇತನರ ಪಾರ್ಕಿಂಗ್ ಬಿಲ್ಲೆಯ ಪದ್ಧತಿ 1971ರಿಂದ ನಡೆದುಬಂದಿದೆ. ಅಲ್ಲೂ ಬಿಲ್ಲೆ ಕದಿಯುವವರಿದ್ದಾರೆ, ಸಂಬಂಧಿಕರ ಬಿಲ್ಲೆ ಹಾಕಿಕೊಂಡು ತಿರುಗುವವರಿದ್ದಾರೆ. ಅದಕ್ಕೆ ದಂಡ ಹಾಕುತ್ತಾರೆ, ಪದ್ಧತಿಯನ್ನೇ ಕೈಬಿಟ್ಟಿಲ್ಲ. ವಾರಾಂತ್ಯದ ಬೀದಿಯಲ್ಲಿ ಸುಳ್ಳು ಹೇಳಿ ನುಗ್ಗಿದ ನಾಲ್ಕು ಕಾರುಗಳಿಂದ ಆಗುವ ನಷ್ಟ ಒಂದಿಷ್ಟು ಹೊಗೆ, ಒಂದಿಷ್ಟು ಕಿರಿಕಿರಿ. ನಿಜ ಹೇಳಿದ ಒಬ್ಬರನ್ನು ವಾಪಸು ಕಳಿಸಿದರೆ ಅವರ ಮಟ್ಟಿಗೆ ಆ ಬೀದಿಯೇ ಇಲ್ಲವಾಯಿತು. ಈ ಎರಡು ನಷ್ಟಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಇದಕ್ಕೆ ವಿರುದ್ಧ ದಿಕ್ಕಿನಿಂದ ಬರುವ ಇನ್ನೊಂದು ಮಾತಿದೆ: ವಿಕಲಚೇತನರಿಗೆ ತೊಂದರೆಯಾಗುತ್ತದೆ, ಆದ್ದರಿಂದ ರಸ್ತೆ ಮುಚ್ಚುವುದೇ ಬೇಡ. ಈ ವಾದ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಗೋಲ್ಡನ್ ಗೇಟ್ ಪಾರ್ಕು ಒಳ್ಳೆಯ ಪಾಠ. ಪಾರ್ಕಿನ ನಡುವೆ ಹಾದುಹೋಗುವ ಜಾನ್ ಎಫ್. ಕೆನಡಿ ಡ್ರೈವ್‌ನ ಒಂದು ಭಾಗವನ್ನು 1967ರಿಂದ ಭಾನುವಾರಗಳಂದು ವಾಹನಗಳಿಗೆ ಮುಚ್ಚುತ್ತ ಬಂದರು. ಶನಿವಾರಕ್ಕೂ ವಿಸ್ತರಿಸೋಣ ಎಂಬ ಪ್ರಸ್ತಾವ ಬಂದಾಗ 2006ರಲ್ಲಿ ಅಂದಿನ ಮೇಯರ್ ಗ್ಯಾವಿನ್ ನ್ಯೂಸಮ್ ಅದನ್ನು ತಡೆಹಿಡಿದರು. ಮರುವರ್ಷ ವರ್ಷದ ಕೆಲವು ತಿಂಗಳುಗಳ ಮಟ್ಟಿಗೆ ರಾಜಿಯಾಯಿತು. 2020ರ ಏಪ್ರಿಲ್‌ನಲ್ಲಿ ಕೋವಿಡ್ ಕಾರಣಕ್ಕೆ ರಸ್ತೆಯನ್ನು ಪೂರ್ತಿ ಮುಚ್ಚಿದಾಗ ಜಗಳ ಮತ್ತೆ ಹೊತ್ತಿತು. ಆ ದಾರಿಯ ಪಕ್ಕದಲ್ಲೇ ಡಿ ಯಂಗ್ ಕಲಾ ಸಂಗ್ರಹಾಲಯವಿದೆ. ರಸ್ತೆ ಬದಿಯ ಉಚಿತ ಪಾರ್ಕಿಂಗ್ ಹೋದರೆ ವೃದ್ಧರೂ ವಿಕಲಚೇತನರೂ ಅಲ್ಲಿಗೆ ಬರುವುದು ಹೇಗೆ ಎಂಬ ಪ್ರಶ್ನೆ ಎದ್ದಿತು. ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಸಿಕ್ಕ ಉತ್ತರವೂ ಕುತೂಹಲದ್ದು. ವಿಕಲಚೇತನರಿಗೆಂದೇ ಮೀಸಲಾದ ಪಾರ್ಕಿಂಗ್ ಜಾಗಗಳನ್ನು ನಗರಾಡಳಿತ ಹತ್ತಿರದಲ್ಲೇ ಹೊಸದಾಗಿ ಗುರುತಿಸಿತು, ಪಾರ್ಕಿನೊಳಗೆ ವೀಲ್‌ಚೇರು ಏರಬಲ್ಲ ಉಚಿತ ಬಸ್ಸಿನ ಓಡಾಟ ಹೆಚ್ಚಿಸಿತು. 2022ರ ನವೆಂಬರ್‌ನಲ್ಲಿ ವಿಷಯ ಮತದಾರರ ಮುಂದೆ ಹೋದಾಗ ರಸ್ತೆಯನ್ನು ಕಾರುಗಳಿಗೆ ಮತ್ತೆ ತೆರೆಯಬೇಕೆಂಬ ಪ್ರಸ್ತಾವ ಸೋತಿತು, ಮುಚ್ಚಿಯೇ ಇಡಬೇಕೆಂಬುದು ಗೆದ್ದಿತು.

ಈ ಕಥೆಯಲ್ಲಿ ನನಗೆ ಮುಖ್ಯವೆನಿಸುವುದು ಮತಗಳ ಲೆಕ್ಕವಲ್ಲ. ಎಲ್ಲರ ಕಾರಿಗೂ ತೆರೆದಿದ್ದ ರಸ್ತೆ ಬದಿಯ ಪಾರ್ಕಿಂಗು ವಿಕಲಚೇತನರಿಗೆ ಸೌಲಭ್ಯವಾಗಿತ್ತು ಎಂಬ ನಂಬಿಕೆಯನ್ನೇ ಅದು ಪರೀಕ್ಷೆಗೆ ಒಡ್ಡಿತು. ಬೆಳಿಗ್ಗೆ ಬೇಗ ಬಂದವರು ಯಾರೋ ಅಲ್ಲಿ ಕಾರು ನಿಲ್ಲಿಸಿ ಹೋದರೆ, ಆ ಮೇಲೆ ಬಂದ ವೀಲ್‌ಚೇರಿನವರಿಗೆ ಉಳಿಯುವುದೇನು? ಸಾವಿರ ಜನ ಪೈಪೋಟಿ ನಡೆಸುವ ನೂರು ಜಾಗಗಳಿಗಿಂತ ಅವರಿಗೆಂದೇ ಕಾದಿರಿಸಿದ ಹತ್ತು ಜಾಗಗಳು ಮೇಲು. ಬೆಂಗಳೂರಿನ ಯಾವ ಮಾರುಕಟ್ಟೆ ಬೀದಿಗೂ ಈ ಮಾತು ಅನ್ವಯಿಸುತ್ತದೆ. ವೀಲ್‌ಚೇರು ಇಳಿಸಿ, ಬಿಡಿಸಿ, ಅದರ ಮೇಲೆ ಕೂರಬೇಕಾದರೆ ಕಾರಿನ ಪಕ್ಕ ಸುಮಾರು ಒಂದು ಮೀಟರಿಗೂ ಹೆಚ್ಚು ಖಾಲಿ ಜಾಗ ಬೇಕು. ಅದಕ್ಕೇ ಸುಗಮ್ಯತೆಯ ಮಾರ್ಗಸೂಚಿ ಅವರ ಪಾರ್ಕಿಂಗ್ ಜಾಗಕ್ಕೆ 3.6 ಮೀಟರ್ ಅಗಲ ಹೇಳುತ್ತದೆ. ಒಂದಕ್ಕೊಂದು ತಾಗಿದಂತೆ ಕಾರುಗಳು ನಿಂತ ಮಾಮೂಲಿ ದಿನದಲ್ಲಿ ಈ ಅಗಲ ಸಿಗದು. ವಾಹನಗಳಿಗೆ ಬೀದಿ ಮುಚ್ಚಿದ ದಿನ, ಪಕ್ಕದ ಅಡ್ಡರಸ್ತೆಯ ಬಾಯಲ್ಲಿ, ಬಣ್ಣದ ಗೆರೆ ಎಳೆದು ಇಂಥ ನಾಲ್ಕು ಜಾಗ ಕಾದಿರಿಸಿದರೆ ವಾರದ ಉಳಿದ ದಿನಗಳಿಗಿಂತ ಅಂದೇ ಅವರು ಹೆಚ್ಚು ಸಲೀಸಾಗಿ ಬಂದು ಇಳಿಯಬಹುದು. ಕೊಲಂಬಿಯಾದ ಬೊಗೊಟಾ ನಗರ 1974ರಲ್ಲಿ ಆರಂಭಿಸಿದ ‘ಸಿಕ್ಲೊವಿಯಾ’ದಲ್ಲಿ ಭಾನುವಾರ ಮತ್ತು ರಜಾದಿನಗಳ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ ನೂರು ಕಿಲೋಮೀಟರಿಗೂ ಮಿಕ್ಕಿದ ರಸ್ತೆ ಜನರಿಗೆ ಸಿಗುತ್ತದೆ. ಅಲ್ಲಿ ಅನೇಕ ದೊಡ್ಡ ರಸ್ತೆಗಳ ಒಂದು ಬದಿಯನ್ನಷ್ಟೇ ಮುಚ್ಚುತ್ತಾರೆ. ಇನ್ನೊಂದು ಬದಿಯಲ್ಲಿ ಬಸ್ಸು ಕಾರು ಓಡುತ್ತಲೇ ಇರುವುದರಿಂದ, ಜನರ ಬೀದಿಯ ಅಂಚಿನವರೆಗೂ ಗಾಡಿಯಲ್ಲಿ ಬಂದಿಳಿಯಬಹುದು.

ಬಂದಿಳಿದ ಮೇಲೆ ಗಾಲಿಯ ಕೆಳಗೆ ಏನಿದೆ ಎಂಬುದೂ ಅಷ್ಟೇ ಮುಖ್ಯ. ಚರ್ಚ್ ಸ್ಟ್ರೀಟನ್ನು 2017–18ರಲ್ಲಿ ‘ಟೆಂಡರ್ ಶ್ಯೂರ್’ ಎಂಬ ರಸ್ತೆ ವಿನ್ಯಾಸದ ಮಾದರಿಯಲ್ಲಿ ಹೊಸದಾಗಿ ಕಟ್ಟಿದಾಗ ಡಾಂಬರಿನ ಬದಲು ಚೌಕಾಕಾರದ ಸಣ್ಣ ಗ್ರಾನೈಟ್ ಕಲ್ಲುಗಳನ್ನು ಹಾಸಿದರು. ನೋಡಲು ಚೆಂದ; ಕಾರುಗಳ ವೇಗ ತಗ್ಗಿಸುವುದಕ್ಕೂ ಒಳ್ಳೆಯದು. ಆದರೆ ವೀಲ್‌ಚೇರಿನ ರಚನೆ ಗಮನಿಸಿ. ಹಿಂದಿನ ದೊಡ್ಡ ಗಾಲಿ ಸೈಕಲ್ಲಿನ ಗಾಲಿಯಷ್ಟು, ಸಣ್ಣಪುಟ್ಟ ಏರಿಳಿತ ನುಂಗಿಕೊಂಡು ಹೋಗುತ್ತದೆ. ಮುಂದಿನ ಜೋಡಿ ಗಾಲಿ ಅಂಗೈಯಷ್ಟು ಅಗಲದ್ದು, ಎತ್ತ ಬೇಕಾದರೂ ತಿರುಗುವಂಥದ್ದು. ಎರಡು ಕಲ್ಲುಗಳ ನಡುವಿನ ಸಂದಿಗೆ ಅದು ಇಳಿದರೆ ಕುರ್ಚಿ ಗಕ್ಕನೆ ನಿಲ್ಲುತ್ತದೆ, ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಅಮೆರಿಕದ ಮಾನದಂಡ ಇಂಥ ಸಂದಿ 13 ಮಿಲಿಮೀಟರ್ ದಾಟಬಾರದು, ದಾರಿಯಲ್ಲಿನ ನೇರ ಉಬ್ಬು 6 ಮಿಲಿಮೀಟರ್ ಮೀರಬಾರದು ಎನ್ನುತ್ತದೆ. ಬೆರಳಿನ ದಪ್ಪಕ್ಕಿಂತ ಕಡಿಮೆಯ ಲೆಕ್ಕ ಇದು. ಗಾಲಿ ಸಿಕ್ಕಿಕೊಳ್ಳದಿದ್ದರೂ ಕಲ್ಲಿನಿಂದ ಕಲ್ಲಿಗೆ ಬರುವ ನಡುಕ ನೇರ ಬೆನ್ನಿಗೆ ತಟ್ಟುತ್ತದೆ. ಬೆನ್ನುಹುರಿಗೆ ಪೆಟ್ಟಾದವರಲ್ಲಿ ಈ ನಡುಕವೇ ಕಾಲಿನ ಸ್ನಾಯು ಸೆಟೆದುಕೊಳ್ಳುವಂತೆ ಮಾಡಬಹುದು. ಚರ್ಚ್ ಸ್ಟ್ರೀಟಿನ ಕಲ್ಲುಗಳು ಕೆಲವೇ ವರ್ಷಗಳಲ್ಲಿ ಅಲ್ಲಲ್ಲಿ ಸಡಿಲಗೊಂಡು ಕುಸಿದದ್ದು ಸುದ್ದಿಯಾಗಿತ್ತು. ಕಾರಿನ ಟೈರಿಗೆ ಅದು ಬರೀ ಕುಲುಕಾಟ, ಅಂಗೈಯಗಲದ ಗಾಲಿಗೆ ಗುಂಡಿ.

ಹಾಗೆಂದು ಕಲ್ಲು ಹಾಸಿದ್ದೇ ತಪ್ಪೆಂದು ನಾನು ಹೇಳುವುದಿಲ್ಲ. ಸ್ಪೇನಿನ ಪೊಂಟೆವೆದ್ರಾ ಎಂಬ ಸುಮಾರು 83,000 ಜನರ ಊರು 1999ರಿಂದ ತನ್ನ ಹಳೆಯ ಪೇಟೆಯಿಂದ ಕಾರುಗಳನ್ನು ಹೊರಗಿಟ್ಟಿದೆ. ಅಲ್ಲಿಯೂ ಗ್ರಾನೈಟೇ. ಆದರೆ ಅಗಲವಾದ, ನುಣುಪಾಗಿ ಕೊಯ್ದ ಚಪ್ಪಡಿಗಳನ್ನು ಸಂದಿಯಿಲ್ಲದಂತೆ ಕೂಡಿಸಿ, ಫುಟ್‌ಪಾತಿನ ಅಂಚೇ ಇಲ್ಲದ ಹಾಗೆ ಗೋಡೆಯಿಂದ ಗೋಡೆಗೆ ಒಂದೇ ಮಟ್ಟದಲ್ಲಿ ಹಾಸಿದ್ದಾರೆ. ಸರಕು ತರುವ ಗಾಡಿಗೂ ವಿಕಲಚೇತನರ ಗಾಡಿಗೂ ಒಳಗೆ ಬರಲು ಅವಕಾಶವಿದೆ. ನಮ್ಮಲ್ಲಿ ಈಗಾಗಲೇ ಹಾಸಿದ ಕಲ್ಲನ್ನು ಕಿತ್ತುಹಾಕಬೇಕಾಗಿಯೂ ಇಲ್ಲ. ಬೀದಿಯ ಉದ್ದಕ್ಕೆ ಒಂದೂವರೆ ಮೀಟರ್ ಅಗಲದ ನುಣುಪು ಚಪ್ಪಡಿಯ ಪಟ್ಟಿಯೊಂದನ್ನು ಕೂಡಿಸಿದರೆ ವೀಲ್‌ಚೇರಿಗೂ ಮಗುವಿನ ತಳ್ಳುಗಾಡಿಗೂ ಕೋಲೂರುವ ಅಜ್ಜನಿಗೂ ಸಾಕು. ಡಾಂಬರು ಹಾಕಿದ ಬೀದಿಗಳಿಗೆ ಈ ಚಿಂತೆಯೇ ಇಲ್ಲ, ಡಾಂಬರೇ ಎಲ್ಲಕ್ಕಿಂತ ಒಳ್ಳೆಯ ಹಾಸು.

ಇಲ್ಲೊಂದು ತೊಡಕಿದೆ, ಅದನ್ನು ಮುಚ್ಚಿಡಬಾರದು. ವೀಲ್‌ಚೇರಿನವರಿಗೆ ಅಂಚುಕಲ್ಲು ಇಲ್ಲದಿರುವುದು ವರ. ಕಣ್ಣು ಕಾಣದವರಿಗೆ ಅದೇ ಅಂಚುಕಲ್ಲು ದಾರಿಯ ಗುರುತು. ಬಿಳಿಕೋಲಿಗೆ ತಗಲುವ ಆ ಏರು ಇಲ್ಲವಾದರೆ ತಾವು ರಸ್ತೆಯ ನಡುವಿದ್ದೇವೋ ಬದಿಯಲ್ಲಿದ್ದೇವೋ ತಿಳಿಯದು. ಅಂಚಿಲ್ಲದ ಒಂದೇ ಮಟ್ಟದ ರಸ್ತೆಗಳನ್ನು ಸಾಲುಸಾಲಾಗಿ ಕಟ್ಟತೊಡಗಿದ್ದ ಬ್ರಿಟನ್ನಿನಲ್ಲಿ ಅಂಧರ ಸಂಘಗಳು ಪ್ರತಿಭಟಿಸಿದ ಮೇಲೆ 2018ರಲ್ಲಿ ಸರ್ಕಾರವೇ ಅಂಥ ಹೊಸ ಯೋಜನೆಗಳನ್ನು ತಡೆದಿಡಿ ಎಂದು ಸ್ಥಳೀಯ ಸಂಸ್ಥೆಗಳಿಗೆ ಹೇಳಬೇಕಾಯಿತು. ಜಪಾನಿನ ಸೆಯಿಚಿ ಮಿಯಾಕೆ 1965ರಲ್ಲಿ ರೂಪಿಸಿದ, ಇಂದು ನಮ್ಮ ಮೆಟ್ರೊ ನಿಲ್ದಾಣಗಳಲ್ಲೂ ಕಾಣುವ ಉಬ್ಬುಗೆರೆಯ ಹಳದಿ ಬಿಲ್ಲೆಗಳು ಇಂಥ ಕಡೆ ಅಂಚಿನ ಕೆಲಸ ಮಾಡುತ್ತವೆ. ವಾಹನವೇ ಇಲ್ಲದ ದಿನ ದಾರಿ ತಪ್ಪಿದರೂ ಜೀವಕ್ಕೆ ಅಪಾಯವಿಲ್ಲ ಎಂಬುದು ನಿಜ. ಆದರೆ ಬೀದಿಯ ನಡುವೆ ಹರಡಿದ ಮೇಜು ಕುರ್ಚಿ, ಸೆಲ್ಫಿಗೆಂದು ನಿಲ್ಲಿಸಿದ ಕಟೌಟು, ಧ್ವನಿವರ್ಧಕದ ವೈರುಗಳು ಕುರುಡರಿಗೂ ಅಡ್ಡಿ, ಗಾಲಿಗೂ ಅಡ್ಡಿ. ಇಬ್ಬರ ಅಗತ್ಯ ಬೇರೆ ಎಂಬ ಮಾತು ಎಲ್ಲ ಕಡೆಯೂ ನಿಲ್ಲುವುದಿಲ್ಲ. ಬೀದಿಯ ಒಂದು ಪಟ್ಟಿಯನ್ನು ಕಡ್ಡಾಯವಾಗಿ ಖಾಲಿ ಇಡಬೇಕು ಎಂಬಲ್ಲಿ ಇಬ್ಬರೂ ಒಂದೇ.

ಬರುವ ವೀಲ್‌ಚೇರುಗಳೇ ಬೆರಳೆಣಿಕೆಯಷ್ಟು, ಅಷ್ಟಕ್ಕೆ ಇಷ್ಟೆಲ್ಲ ಏರ್ಪಾಡು ಬೇಕೆ ಎಂದು ಕೇಳುವವರಿದ್ದಾರೆ. 2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ ವಿಕಲಚೇತನರು, ಅವರಲ್ಲಿ 54 ಲಕ್ಷಕ್ಕೂ ಹೆಚ್ಚು ಜನರಿಗೆ ಚಲನೆಯ ತೊಂದರೆ. ಕರ್ನಾಟಕದ ಒಟ್ಟು ಸಂಖ್ಯೆಯೇ 13.24 ಲಕ್ಷ. ಇವರು ಬೀದಿಯಲ್ಲಿ ಕಾಣುವುದಿಲ್ಲ ಎಂಬುದು ಬೀದಿಯ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ಅವರ ಇಷ್ಟವನ್ನಲ್ಲ. ಮಲೆನಾಡಿನಲ್ಲಿ ಮಳೆಗಾಲದ ಹಳ್ಳವನ್ನು ಯಾರೂ ದಾಟುತ್ತಿಲ್ಲವೆಂದು ಕಾಲುಸಂಕ ಬೇಡವೆನ್ನುವ ಊರಿಲ್ಲ. ಇಷ್ಟಕ್ಕೂ ಇದು ಸಂಖ್ಯೆಯ ಮೇಲೆ ನಿಂತ ವಿಷಯವಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಸ್ಥಳಗಳು ಅವರಿಗೂ ಎಟುಕುವಂತಿರಬೇಕು ಎನ್ನುತ್ತದೆ. ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟು, ಸುಗಮ್ಯತೆಯ ನಿಯಮಗಳು ಬರೀ ಸಲಹೆಗಳಂತೆ ಇರುವುದು ಕಾಯ್ದೆಯ ಆಶಯಕ್ಕೆ ವಿರುದ್ಧ, ಕಡ್ಡಾಯ ನಿಯಮ ರೂಪಿಸಿ ಎಂದು ಕೇಂದ್ರಕ್ಕೆ ಹೇಳಿತು. ಸರ್ಕಾರವೇ ನಿಂತು ಮುಚ್ಚಿಸುವ ಬೀದಿ ಇದರಿಂದ ಹೊರಗಿರಲು ಕಾರಣವಿಲ್ಲ.

‘ಎರಡು ದಿನದ ತಾತ್ಕಾಲಿಕ ಏರ್ಪಾಡಿಗೆ ಏಕೆ ಖರ್ಚು’ ಎಂಬ ಆಕ್ಷೇಪಕ್ಕೆ ನನ್ನ ಉತ್ತರ ಇನ್ನೂ ಗಟ್ಟಿಯಾಗಿದೆ, ಏಕೆಂದರೆ ತಾತ್ಕಾಲಿಕವಾಗಿರುವುದೇ ಇಲ್ಲಿನ ಲಾಭ. ನಮ್ಮ ಹಳೆಯ ಪೇಟೆಗಳಲ್ಲಿ ಅಂಗಡಿಯ ಬಾಗಿಲಿಗೆ ಎರಡು ಮೆಟ್ಟಿಲು ಸಾಮಾನ್ಯ. ಮಳೆನೀರು ಒಳನುಗ್ಗದಿರಲೆಂದು ಕಟ್ಟಿದ ಮೆಟ್ಟಿಲು ಅವು. ಸುಗಮ್ಯತೆಯ ಮಾನದಂಡದ ಪ್ರಕಾರ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ತಲಾ 15 ಸೆಂಟಿಮೀಟರಿನ ಎರಡು ಮೆಟ್ಟಿಲೆಂದರೆ 3.6 ಮೀಟರ್ ಉದ್ದದ ರ‍್ಯಾಂಪು. ಮಾಮೂಲಿ ದಿನ ಅದನ್ನು ಇಟ್ಟರೆ ಫುಟ್‌ಪಾತನ್ನು ನುಂಗಿ ರಸ್ತೆಗೇ ಚಾಚುತ್ತದೆ, ಅಂಗಡಿಯವರು ಜಾಗ ಇಲ್ಲ ಎನ್ನುವುದರಲ್ಲಿ ಸತ್ಯವಿದೆ. ಆದರೆ ರಸ್ತೆಯೇ ಖಾಲಿಯಾದ ದಿನ ಆ ಜಾಗ ಹುಟ್ಟಿಕೊಳ್ಳುತ್ತದೆ. ಮಡಚಿ ಒಳಗಿಡಬಹುದಾದ ಅಲ್ಯೂಮಿನಿಯಂ ರ‍್ಯಾಂಪನ್ನು ಶನಿವಾರ ಬೆಳಿಗ್ಗೆ ಬಿಡಿಸಿ, ಪಕ್ಕಕ್ಕೆ ಜಾರದಂತೆ ಅಂಚು ಕೊಟ್ಟು ಹಾಸಿದರೆ, ವಾರದ ಐದು ದಿನ ಮುಚ್ಚಿದಂತಿರುವ ಬಾಗಿಲುಗಳು ಎರಡು ದಿನ ತೆರೆಯುತ್ತವೆ. ಒಂದು ಬೀದಿಗೆ ಇಂಥ ಹತ್ತು ರ‍್ಯಾಂಪುಗಳನ್ನು ಪಾಲಿಕೆಯೇ ಕೊಂಡು ಅಂಗಡಿಗಳಿಗೆ ಕೊಡಬಹುದು. ಶೌಚಾಲಯದ್ದೂ ಇದೇ ಮಾತು. ಬೆನ್ನುಹುರಿಯ ತೊಂದರೆ ಇರುವವರು ಹೊರಗೆ ಎಷ್ಟು ಹೊತ್ತು ಇರಬಹುದೆಂದು ನಿರ್ಧರಿಸುವುದು ಗಾಲಿ ಹೋಗುವಷ್ಟು ಅಗಲದ ಬಾಗಿಲಿರುವ ಶೌಚಾಲಯ ಹತ್ತಿರದಲ್ಲಿದೆಯೇ ಎಂಬುದರ ಮೇಲೆ. ವ್ಯಾನಿನಲ್ಲಿ ತಂದು ನಿಲ್ಲಿಸುವ ಶೌಚಾಲಯಕ್ಕೆ ಖಾಲಿ ಬೀದಿಯಲ್ಲಿ ಜಾಗಕ್ಕೆ ಕೊರತೆಯಿಲ್ಲ. ವಾರಾಂತ್ಯದ ಪ್ರಯೋಗದಲ್ಲಿ ಯಾವ ರ‍್ಯಾಂಪು ಹೆಚ್ಚು ಬಳಕೆಯಾಯಿತು, ಎಲ್ಲಿ ಗಾಲಿ ಸಿಕ್ಕಿಕೊಂಡಿತು ಎಂದು ತಿಳಿದರೆ ಮುಂದೆ ಕಾಯಂ ಏರ್ಪಾಡು ಮಾಡುವಾಗ ಹಣ ವ್ಯರ್ಥವಾಗದು.

ಮುಂದಿನ ಬೀದಿಯನ್ನು ಮುಚ್ಚುವ ಆದೇಶ ಬರೆಯುವವರು ಕೂರುವ ಮೇಜಿನ ಸುತ್ತ ಟ್ರಾಫಿಕ್ ಪೊಲೀಸರು, ಪಾಲಿಕೆಯ ಎಂಜಿನಿಯರು, ಅಂಗಡಿಕಾರರ ಸಂಘದವರು ಇರುತ್ತಾರೆ. ವೀಲ್‌ಚೇರಿನಲ್ಲಿ ಓಡಾಡುವವರನ್ನು ಅಲ್ಲಿಗೆ ಕರೆಯುವುದು ಉದ್ಘಾಟನೆಯ ದಿನ ವೇದಿಕೆಗೆ ಕರೆಯುವುದಕ್ಕಿಂತ ಮೊದಲು ಆಗಬೇಕಾದ ಕೆಲಸ. ಬ್ಯಾರಿಕೇಡುಗಳ ನಡುವೆ ಗಾಲಿ ನುಸುಳಲು ಕನಿಷ್ಠ 90 ಸೆಂಟಿಮೀಟರ್ ತೆರವಿದೆಯೇ ಎಂದು ಅಳೆಯಲು ಅವರಿಗೆ ಟೇಪು ಬೇಕಾಗುವುದಿಲ್ಲ. ಚರ್ಚ್ ಸ್ಟ್ರೀಟಿನಲ್ಲಿ ಗಾಳಿಯನ್ನು ಅಳೆದ ಹಾಗೆಯೇ ಪ್ರತಿ ಬ್ಯಾರಿಕೇಡಿನ ಬಳಿಯೂ ಒಂದು ಪುಸ್ತಕ ಇರಲಿ: ಎಷ್ಟು ವೀಲ್‌ಚೇರು ಒಳಗೆ ಬಂದವು, ಮಾರ್ಪಡಿಸಿದ ಸ್ಕೂಟರುಗಳು ಎಷ್ಟು, ಯಾರನ್ನಾದರೂ ವಾಪಸು ಕಳಿಸಿದರೆ ಯಾವ ಕಾರಣಕ್ಕೆ. ಎರಡು ತಿಂಗಳ ನಂತರ ಆ ಪುಸ್ತಕವನ್ನು ಗಾಳಿಯ ಅಂಕಿಗಳ ಪಕ್ಕದಲ್ಲಿಟ್ಟು ಓದಲಿ.